ಚಾರಿಟಿ ಬಟ್ಲರಳನ್ನು ಎಲ್ಲಿ ಬಿಟ್ಟಿರಿ?

ಪ್ರಿಯ ಮಿತ್ರರೇ,

ನಮಸ್ಕಾರ. ಥಡಿಯಸ್ ಸ್ಟೀವನ್ಸ್ ಕುರಿತ ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. 1792ರಲ್ಲಿ ವರ್ಮಾಂಟ್‌ನಲ್ಲಿ ಸೊಟ್ಟಪಾದದೊಂದಿಗೆ ಹುಟ್ಟಿದ ಬಡಹುಡುಗ ಪೆನ್ಸಿಲ್ವೇನಿಯಾದ ಹೆಸರಾಂತ ವಕೀಲನಾಗಿ, ಮುಂದೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಗುಲಾಮಗಿರಿಯ ಕಡುವಿರೋಧಿಯಾಗಿ ನಿಂತ ಬಗೆಯನ್ನು ಸೊಗಸಾಗಿ ಹೇಳಿದ್ದೀರಿ. ಉಚಿತ ಶಾಲೆಗಳ ಕಾನೂನನ್ನು ಉಳಿಸಿದ 1835ರ ಭಾಷಣದ ಪುಟಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಆದರೆ 1821 ಎಲ್ಲಿ ಹೋಯಿತು?

ಆ ವರ್ಷ ಗೆಟಿಸ್‌ಬರ್ಗ್‌ನ ಯುವ ವಕೀಲ ಸ್ಟೀವನ್ಸ್ ವಾದಿಸಿದ್ದು ಗುಲಾಮರ ಒಡೆಯನ ಪರವಾಗಿ. ಎದುರು ಪಕ್ಷದಲ್ಲಿದ್ದವಳು ಬಿಡುಗಡೆ ಕೋರಿ ಬಂದ ಚಾರಿಟಿ ಬಟ್ಲರ್. ಹೊರರಾಜ್ಯದ ಗುಲಾಮರನ್ನು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಲು ಅಲ್ಲಿನ 1780ರ ಕಾನೂನು ಬಿಡುತ್ತಿರಲಿಲ್ಲ. ಮೇರಿಲ್ಯಾಂಡ್‌ನಿಂದ ಬಂದುಹೋದ ದಿನಗಳನ್ನೆಲ್ಲ ಕೂಡಿಸಿದರೆ ಆ ಗಡುವು ಮೀರಿದೆ ಎಂಬುದು ಅವಳ ಕಡೆಯ ವಾದ. ಬಿಡಿಬಿಡಿಯಾದ ದಿನಗಳನ್ನು ಕೂಡಿಸುವಂತಿಲ್ಲ, ವಾಸ ಒಂದೇ ಸಮನೆ ಇರಬೇಕು ಎಂಬುದು ಸ್ಟೀವನ್ಸನ ವಾದ. ಅವನು ಗೆದ್ದ. ಅವಳೂ ಅವಳ ಮಕ್ಕಳೂ ಗುಲಾಮರಾಗಿಯೇ ಉಳಿದರು.

ಇಷ್ಟನ್ನು ನೀವು "ವೃತ್ತಿಯ ಆರಂಭದ ಕೆಲವು ಮೊಕದ್ದಮೆಗಳು" ಎಂಬ ನಾಲ್ಕು ಪದಗಳಲ್ಲಿ ಮುಗಿಸಿದ್ದೀರಿ. ನಾನೂ ಒಮ್ಮೆ ಒಬ್ಬ ಹಿರಿಯರ ಚರಿತ್ರೆ ಬರೆಯುವಾಗ ಮನೆಯವರ ಮುಖ ನೋಡಿ ಒಂದು ಜಮೀನಿನ ವ್ಯಾಜ್ಯವನ್ನು ಕೈಬಿಟ್ಟಿದ್ದೆ. ಊರಿನವರು ಪುಸ್ತಕ ಓದಿ ಮೊದಲು ಕೇಳಿದ್ದೇ ಅದನ್ನು. ಹಾಗೆಂದು ನಿಮ್ಮ ಮೂರನೆಯ ಅಧ್ಯಾಯದ "ಪಶ್ಚಾತ್ತಾಪದಿಂದ ಬೆಂದ" ಎಂಬ ಮಾತನ್ನೂ ಒಪ್ಪಲಾರೆ. ಅವನ ಎದೆಯೊಳಗೆ ಹೊಕ್ಕು ನೋಡಿದವರಾರು? ನಡೆದದ್ದನ್ನು ಸಾಲಾಗಿ ಇಡಿ: 1823ರ ಜುಲೈ 4ರ ಕೂಟದಲ್ಲಿ, ಮುಂದಿನ ಅಧ್ಯಕ್ಷ ಗುಲಾಮರಿಗೆ ಸಂಕೋಲೆ ಬಿಗಿಯದ ವ್ಯಕ್ತಿಯಾಗಲಿ ಎಂದು ಹಾರೈಸಿದ, ಕರಿಯರ ಮತದಾನದ ಹಕ್ಕನ್ನು ಕಿತ್ತುಕೊಂಡಿತೆಂದು 1838ರಲ್ಲಿ ರಾಜ್ಯದ ಹೊಸ ಸಂವಿಧಾನಕ್ಕೆ ಸಹಿ ಹಾಕಲಿಲ್ಲ, ಓಡಿಬಂದ ಗುಲಾಮರನ್ನು ಹಿಡಿಯಲು ಬಂದವರನ್ನು ತಡೆದದ್ದಕ್ಕೆ ಹೂಡಿದ 1851ರ ಕ್ರಿಸ್ಟಿಯಾನಾ ರಾಜದ್ರೋಹದ ಮೊಕದ್ದಮೆಯಲ್ಲಿ ಆರೋಪಿಯ ಪರ ನಿಂತ. ನಡುವಿನ ಖಾಲಿ ಜಾಗವನ್ನು ಓದುಗರಿಗೇ ಬಿಡಿ.

ಇನ್ನೊಂದು ಮಾತು. ಚಾರಿಟಿಯಂಥವರನ್ನು ನೀವು ಎಲ್ಲೆಡೆ "ಜೀತದಾಳು" ಎಂದಿದ್ದೀರಿ. ಜೀತ ಎಂದೊಡನೆ ನಮ್ಮ ಓದುಗರಿಗೆ ಸಾಲ, ಒಡೆಯನ ಕೊಟ್ಟಿಗೆ, ತಲೆಮಾರಿನ ದುಡಿತ ನೆನಪಾಗುತ್ತವೆ. ಕಾನೂನಿನ ಕಣ್ಣಲ್ಲಿ ಅವಳು ಕೊಂಡು ಮಾರಬಹುದಾದ ಸ್ವತ್ತು. "ಗುಲಾಮ" ಎಂಬ ಪದವನ್ನೇ ಬಳಸಿ, ಕಿವಿಗೆ ಎಷ್ಟೇ ಒರಟಾದರೂ.

1866ರ ಜೂನ್‌ನಲ್ಲಿ, ಬಿಡುಗಡೆಯಾದ ಗುಲಾಮರಿಗೂ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಕೊಡುವ ಅಮೆರಿಕದ ಸಂವಿಧಾನದ 14ನೆಯ ತಿದ್ದುಪಡಿಗೆ ಮತ ಹಾಕುವಾಗ, ಅದು ಅರೆಕೊರೆಯೆಂದು ತಿಳಿದೂ ಒಪ್ಪುತ್ತಿರುವುದೇಕೆಂದರೆ ತಾನು ದೇವತೆಗಳ ನಡುವೆಯಲ್ಲ, ಮನುಷ್ಯರ ನಡುವೆ ಬದುಕುತ್ತಿದ್ದೇನೆ ಎಂದು ಅವನು ಸಭೆಗೆ ಹೇಳಿದ. ಈ ಪ್ರಸಂಗ ನಿಮ್ಮಲ್ಲಿ ಅಡಿಟಿಪ್ಪಣಿಗೆ ಇಳಿದಿದೆ. ಮೇಲಕ್ಕೆ ತನ್ನಿ, ಒಂದು ಇಡೀ ಪುಟ ಕೊಡಿ.

ಸಮಾಧಿಯನ್ನು ಮಾತ್ರ ಮೊದಲ ಪುಟದಿಂದ ತೆಗೆಯಿರಿ. ಬೇರೆ ಸ್ಮಶಾನಗಳ ನಿಯಮಗಳು ಜನಾಂಗದ ಗಡಿ ಹಾಕಿವೆ, ಅದಕ್ಕೇ ಈ ಏಕಾಂತ ಸ್ಥಳವನ್ನು ಆರಿಸಿಕೊಂಡೆ ಎಂದು ಲ್ಯಾಂಕಾಸ್ಟರ್‌ನ ಆ ಕಲ್ಲಿನ ಮೇಲೆ ಅವನೇ ಬರೆಸಿದ ಸಾಲುಗಳನ್ನು ಮೊದಲೇ ಓದಿಬಿಟ್ಟರೆ, ಚಾರಿಟಿಯ ಕಟಕಟೆಯ ಮುಂದೆ ನಿಂತ ವಕೀಲನನ್ನು ಓದುಗರು ಆಗಲೇ ಕ್ಷಮಿಸಿರುತ್ತಾರೆ. ಅವನು ತೀರಿಕೊಂಡದ್ದು 1868ರ ಆಗಸ್ಟ್ 11ರಂದು. ಕಲ್ಲು ಅಲ್ಲಿಯವರೆಗೆ ಕಾಯಲಿ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಪೆನ್ಸಿಲ್ ಗುರುತುಗಳು ಎರಡನೆಯ ಅಧ್ಯಾಯದಲ್ಲಿ ಹೆಚ್ಚಿವೆ. ಮೊದಲು ಅದನ್ನು ತಿದ್ದಿ ಕಳಿಸಿ.

ಇತಿ ನಿಮ್ಮವನು