ಎಚ್‌ಪಿವಿ ಕಿಟ್ ಯಾವ ಜೀನನ್ನು ಹುಡುಕುತ್ತದೆ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ, ಆ ಕ್ಯಾನ್ಸರ್ ತರುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಪತ್ತೆಹಚ್ಚುವ ಕಿಟ್ ಕೊಳ್ಳುವ ಟೆಂಡರ್‌ನಲ್ಲಿ ಬೆಲೆಯ ಜೊತೆಗೆ ಇನ್ನೊಂದು ಷರತ್ತು ಇರಲೇಬೇಕು. ಕಿಟ್ ವೈರಸ್ಸಿನ ಯಾವ ಜೀನನ್ನು ಹುಡುಕುತ್ತದೆ ಎಂಬುದನ್ನು ಕಂಪನಿ ಬರೆದುಕೊಡಬೇಕು.

ಎಚ್‌ಪಿವಿಯದು ಸುಮಾರು 8,000 ಬೇಸ್ ಜೋಡಿಗಳ (ಡಿಎನ್‌ಎ ಅಕ್ಷರಗಳ) ಉಂಗುರದಂಥ ಡಿಎನ್‌ಎ. ಎಲ್1, ಎಲ್2 ಜೀನ್‌ಗಳು ಹೊರಕವಚ ಕಟ್ಟುತ್ತವೆ. ಇ1, ಇ2 ಡಿಎನ್‌ಎಯ ನಕಲು ಮಾಡಿಸುತ್ತವೆ. ಕೇಡಿರುವುದು ಇ6, ಇ7ರಲ್ಲಿ. ಹಾಳಾದ ಕೋಶವನ್ನು ತಡೆಯುವ ಪಿ53 ಪ್ರೋಟೀನನ್ನು ಇ6, ಕೋಶದ ಸ್ವಂತ ಯಂತ್ರದಿಂದಲೇ ನಾಶ ಮಾಡಿಸುತ್ತದೆ. ಇ7 ಆರ್‌ಬಿ ಪ್ರೋಟೀನಿಗೆ ಅಂಟಿಕೊಂಡು ಕೋಶವಿಭಜನೆಯ ಕಡಿವಾಣ ಬಿಚ್ಚುತ್ತದೆ. ಇವೆರಡನ್ನೂ ಹದ್ದುಬಸ್ತಿನಲ್ಲಿ ಇಡುವುದು ಇ2. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಹೋಗುತ್ತವೆ. ವರ್ಷಗಟ್ಟಲೆ ಉಳಿದ ಕೆಲವದರಲ್ಲಿ ಉಂಗುರ ತುಂಡಾಗಿ ನಮ್ಮ ವರ್ಣತಂತುವಿಗೆ ಸೇರಿಕೊಳ್ಳುತ್ತದೆ. ಆಗ ಇ2 ಮುರಿಯುವುದುಂಟು, ಎಲ್1 ಭಾಗವೂ ಕಳೆದುಹೋಗುವುದುಂಟು. ಇ6, ಇ7 ಮಾತ್ರ ಉಳಿಯುತ್ತವೆ, ಏಕೆಂದರೆ ಗಡ್ಡೆ ಬದುಕಿರುವುದೇ ಅವುಗಳ ಬಲದಿಂದ.

ಹಾಗಾಗಿ ಎಲ್1 ಒಂದನ್ನೇ ಹುಡುಕುವ ಕಿಟ್ ಕೆಲವೊಮ್ಮೆ ಕ್ಯಾನ್ಸರ್ ಇದ್ದವರಿಗೂ ‘ನೆಗೆಟಿವ್’ ಎನ್ನಬಹುದು. ಇದು ಅಪರೂಪ, ನಿಜ. ಆದರೆ ಕೈತಪ್ಪುವವರು ಚಿಕಿತ್ಸೆ ತುರ್ತಾಗಿ ಬೇಕಾದವರೇ.

ಕಿಟ್‌ನಲ್ಲಿ ಮನುಷ್ಯರ ಜೀನೊಂದನ್ನು ಪತ್ತೆಹಚ್ಚುವ ಆಂತರಿಕ ನಿಯಂತ್ರಣವೂ ಇರಲಿ. ಮಾದರಿ ತೆಗೆಯುವ ಕಡ್ಡಿಯಲ್ಲಿ ಕೋಶಗಳೇ ಬಂದಿಲ್ಲದಿದ್ದರೆ ವೈರಸ್ ಕಾಣದಿರುವುದಕ್ಕೆ ಅರ್ಥವಿಲ್ಲ. ಆ ವರದಿ ‘ಅಮಾನ್ಯ’ ಎಂದು ಬರಬೇಕು, ಮಾದರಿಯನ್ನು ಮತ್ತೆ ತೆಗೆಯಬೇಕು. ಮಹಿಳೆಯರು ತಾವೇ ಮಾದರಿ ತೆಗೆದುಕೊಳ್ಳುವ ಯೋಜನೆಯಿದ್ದರೆ ಡಿಎನ್‌ಎ ಕಿಟ್ ಆರಿಸಿ. ಇ6, ಇ7ರ ಎಂಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ಹೊರಡುವ ನಕಲು) ಹುಡುಕುವ ಪರೀಕ್ಷೆಗೆ ಮಾದರಿಯನ್ನು ಆರೋಗ್ಯ ಸಿಬ್ಬಂದಿಯೇ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಲಸಿಕೆಯ ಬಗ್ಗೆ ಒಂದು ಮಾತು. ಅದರಲ್ಲಿರುವುದು ಎಲ್1 ಪ್ರೋಟೀನಿನ ಖಾಲಿ ಕವಚ ಮಾತ್ರ, ಡಿಎನ್‌ಎ ಇಲ್ಲ, ಸೋಂಕು ತಗಲಿಸಲಾರದು. ಆದರೆ ಆಗಲೇ ಸೋಂಕಾದ, ಗರ್ಭಕಂಠದ ಒಳಮೈಯ ತಳಪದರದ ಕೋಶಗಳು ಎಲ್1 ತೋರಿಸುವುದಿಲ್ಲ, ಆದ್ದರಿಂದ ಲಸಿಕೆ ಅವುಗಳನ್ನು ಮುಟ್ಟದು. 9ರಿಂದ 14ರ ವಯಸ್ಸಿನಲ್ಲೇ ಕೊಡಬೇಕೆನ್ನುವುದು ಇದಕ್ಕೇ. ಎಚ್‌ಪಿವಿಯ 16 ಮತ್ತು 18ನೇ ಬಗೆಗಳು ಸುಮಾರು ಶೇ 70ರಷ್ಟು ಗರ್ಭಕಂಠ ಕ್ಯಾನ್ಸರ್‌ಗಳಿಗೆ ಕಾರಣ. ಉಳಿದವುಗಳಲ್ಲಿ ಹೆಚ್ಚಿನವು ಬೇರೆ ಬಗೆಗಳಿಂದ, ಅವೆಲ್ಲವನ್ನೂ ಲಸಿಕೆ ತಡೆಯದು. ಹೀಗಾಗಿ ಲಸಿಕೆ ಪಡೆದವರ ಹೆಸರನ್ನೂ ತಪಾಸಣೆಯ ಪಟ್ಟಿಯಿಂದ ತೆಗೆಯಬೇಡಿ.

ಮುಂದಿನ ಟೆಂಡರ್ ಕರಡಿನಲ್ಲಿ ಈ ಷರತ್ತುಗಳನ್ನು ಸೇರಿಸಿ, ಕರಡನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇವೆ.

ಇಂತಿ,
ವೈರಾಣು ಪರೀಕ್ಷೆಯ ಕೆಲಸದಲ್ಲಿರುವವರು