ಆ ಒಂದು ಸಾಲು ಬೇಡ ಮಗಾ

ಬದಿಯಡ್ಕ
ನವೆಂಬರ್ 2025

ಚಿರಂಜೀವಿ ಮಗನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಮನೆ ಮಾರುವುದು ನಾವೆಲ್ಲ ಕೂತು ಮಾತಾಡಿದ ವಿಷಯವೇ, ಅದರ ಬಗ್ಗೆ ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಕ್ರಯಪತ್ರದಲ್ಲಿ ನೀನು ಊರಲ್ಲೇ ಇರುವವನು ಅಂತ ಒಂದು ಸಾಲು ಹಾಕಿದರೆ ಟ್ಯಾಕ್ಸ್ ಹಿಡಿಯುವುದಿಲ್ಲ ಎಂದು ಬ್ರೋಕರ್ ಹೇಳಿದ ಅಂತ. ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ.

ಅವನು ಹೇಳಿದ್ದು ಅರ್ಧ ನಿಜ. ಇಲ್ಲೇ ಇರುವವರು 50 ಲಕ್ಷಕ್ಕಿಂತ ಕಡಿಮೆಗೆ ಮನೆ ಮಾರಿದರೆ ಟಿಡಿಎಸ್, ಅಂದರೆ ಕೊಳ್ಳುವವರು ಬೆಲೆಯಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಇಲ್ಲ. ನಿನ್ನದು 48 ಲಕ್ಷ. ಆದರೆ ನಿನ್ನಂತೆ ಹೊರದೇಶದಲ್ಲಿರುವ ಅನಿವಾಸಿಗಳಿಗೆ ಆ ಮಿತಿಯೇ ಇಲ್ಲ. ಬೆಲೆ ಎಷ್ಟೇ ಇರಲಿ, ಲಾಭಕ್ಕೆ ತೆರಿಗೆ ಇದ್ದರೆ ಕೊಳ್ಳುವವರು ಹಿಡಿಯಲೇಬೇಕು.

"ಊರಿನವನಲ್ಲ ಅಂತ ನಾನೇ ಹೇಗೆ ಬರೆದುಕೊಡಲಿ ಚಿಕ್ಕಪ್ಪಾ" ಅಂತ ಕೇಳಿದ್ದೀಯ. ಓದಿ ಕಣ್ಣು ತುಂಬಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ನಮ್ಮ ಹಿರಿಯರು ಮನೆಯ ಜಗಲಿ ಇಳಿಯದೆಯೇ ಬೇರೆ ರಾಜ್ಯದವರಾದರು. ಹಾಗಂತ ಅವರ ಊರು ಬದಲಾಯಿತಾ? ಟ್ಯಾಕ್ಸಿನವರು ಕೇಳುವುದು ನಿನ್ನ ಊರು ಯಾವುದು ಅಂತ ಅಲ್ಲ, ವರ್ಷದಲ್ಲಿ ಎಷ್ಟು ದಿನ ಭಾರತದಲ್ಲಿದ್ದೆ ಅಂತ. ಮಸ್ಕತ್‌ನಿಂದ ರಜೆಗೆ ಬಂದು ಹೋಗುವವನು ನೀನು. ಪಾಸ್‌ಪೋರ್ಟಿನ ಸೀಲುಗಳೇ ಅದನ್ನು ಹೇಳುತ್ತವೆ.

ಪವರ್ ಆಫ್ ಅಟಾರ್ನಿ ನನ್ನ ಹೆಸರಿಗೆ ಮಾಡಿಸುತ್ತೇನೆ ಅಂದಿದ್ದೀಯ. ಹಾಗಾದರೆ ಆ ಸಾಲಿನ ಕೆಳಗೆ ನಿನ್ನ ಪರವಾಗಿ ಸಹಿ ಹಾಕಬೇಕಾದವನು ನಾನು. ಅದು ನನ್ನಿಂದಾಗದು.

ನಿನ್ನ ಅಪ್ಪ ತೋಟದ ಒಂದು ತುಂಡು ಮಾರಿದಾಗ ನೀನಿನ್ನೂ ಸಣ್ಣವನು. ನಾನು ಬೊಂಬಾಯಿಯ ಹೋಟೆಲಿನಲ್ಲಿದ್ದೆ. ಕ್ರಯಪತ್ರ ಮಲಯಾಳದಲ್ಲಿತ್ತು, ಅಣ್ಣನಿಗೆ ಓದಲು ಬರುತ್ತಿರಲಿಲ್ಲ. ಬರೆದವರು ತೋರಿಸಿದ ಕಡೆ ಸಹಿ ಹಾಕಿ ಬಂದ. ಬಾವಿಗೆ ಹೋಗುವ ದಾರಿಯೂ ಅದರಲ್ಲಿ ಸೇರಿಹೋಗಿತ್ತು. ನಿನ್ನ ಅಮ್ಮ ಎಷ್ಟೋ ವರ್ಷ ಸುತ್ತು ಬಳಸಿ ನೀರು ಹೊತ್ತರು. ನನಗೆ ಮಲಯಾಳ ಓದಲು ಬರುತ್ತಿತ್ತು ಮಗಾ. ಅವತ್ತು ನಾನು ಅಣ್ಣನ ಪಕ್ಕದಲ್ಲಿರಬೇಕಿತ್ತು ಅನ್ನುವ ಕೊರಗು ಈಗಲೂ ಹೋಗಿಲ್ಲ.

ಅಣ್ಣ ಗೊತ್ತಿಲ್ಲದೆ ಸಹಿ ಹಾಕಿದ. ನೀನು ಗೊತ್ತಿದ್ದೂ ಹಾಕಿಸಲು ಹೊರಟಿದ್ದೀಯ. ನಾಳೆ ವಿಷಯ ಹೊರಬಿದ್ದರೆ ಇಲಾಖೆಯವರು ಮೊದಲು ಹಿಡಿಯುವುದು ಕೊಂಡವರನ್ನು. ಹಿಡಿಯದೇ ಬಿಟ್ಟ ತೆರಿಗೆಗೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ, ಮೇಲೆ ದಂಡವೂ ಬೀಳಬಹುದು. ಆ ಮಾಷ್ಟ್ರು ಬ್ಯಾಂಕಿನಲ್ಲಿ ಸಾಲ ಮಾಡಿ ನಿನ್ನ ಮನೆ ತೆಗೆದುಕೊಳ್ಳುತ್ತಿದ್ದಾರೆ. ಅವರ ಮುಖ ನಾನು ಪೇಟೆಯಲ್ಲಿ ದಿನಾ ನೋಡಬೇಕು.

ದುಡ್ಡಿನ ಚಿಂತೆಯೂ ಸುಳ್ಳಲ್ಲ. ಲಾಭದ ಮೇಲಿನ ತೆರಿಗೆ 12.5 ಪರ್ಸೆಂಟ್ ಅಂದರೂ ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆಯೇ ಹಿಡಿಯುತ್ತಾರೆ. ಸೆಸ್ ಸೇರಿ 6.24 ಲಕ್ಷ. ನೀನು ಹಾಕಿದ್ದು 30 ಲಕ್ಷ, ಲಾಭ 18 ಲಕ್ಷ. ನಿಜವಾದ ತೆರಿಗೆ 2.34 ಲಕ್ಷ ಮಾತ್ರ. ಜಾಸ್ತಿ ಹೋದದ್ದು ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ, ಆದರೆ ಕಾಯಬೇಕು.

ಅದಕ್ಕೆ ನೇರ ದಾರಿಯೇ ಇದೆಯಲ್ಲ. ನಿನಗೆ ಗೊತ್ತಿದ್ದರೆ ಮುದುಕನ ಮಾತು ಅಂತ ಬಿಟ್ಟುಬಿಡು. ತೆರಿಗೆ ಇಲಾಖೆಯ ಟ್ರೇಸಸ್ ವೆಬ್‌ಸೈಟಿನಲ್ಲಿ ಕಡಿಮೆ ಹಿಡಿಯುವಂತೆ ಅರ್ಜಿ ಹಾಕಬೇಕು. ಅಧಿಕಾರಿ ಲೆಕ್ಕ ನೋಡಿ, ಇಷ್ಟೇ ಹಿಡಿಯಿರಿ ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಮಂಗಳೂರಿನಲ್ಲಿ ಫ್ಲ್ಯಾಟ್ ನೋಡುತ್ತಿದ್ದೀಯಲ್ಲ, ಎರಡು ವರ್ಷದೊಳಗೆ ಲಾಭದ ಹಣವನ್ನೆಲ್ಲ ಅದಕ್ಕೆ ಹಾಕಿದರೆ ಆ ಲಾಭಕ್ಕೆ ತೆರಿಗೆಯೇ ಇಲ್ಲ. ಅದನ್ನೂ ಅರ್ಜಿಯಲ್ಲಿ ತೋರಿಸು. ಏನೂ ಹಿಡಿಯಬೇಡಿ ಅಂತಲೂ ಬರಬಹುದು. ಸುಳ್ಳು ಹೇಳಿ ಉಳಿಸಬೇಕೆಂದ ದುಡ್ಡು ನಿಜ ಹೇಳಿಯೇ ಉಳಿಯಬಹುದು. ಹಾಗಿರುವಾಗ ಆ ಸಾಲು ಯಾಕೆ ಬೇಕು?

ಅರ್ಜಿಗೆ ಕೊಳ್ಳುವವರ ವಿವರವೂ ಬೇಕಾಗುತ್ತದೆ, ಮಾಷ್ಟ್ರಿಗೆ ನಾನು ಹೇಳುತ್ತೇನೆ. ಸರ್ಟಿಫಿಕೇಟ್ ಕೈಗೆ ಬರುವವರೆಗೆ ಮುಂಗಡವನ್ನೂ ತೆಗೆದುಕೊಳ್ಳಬೇಡ, ಅದರಿಂದಲೂ ಹಿಡಿಯಬೇಕಾಗುತ್ತದೆ. ನಿನ್ನ ಸಿಎ ಹತ್ತಿರ ಒಮ್ಮೆ ಸರಿಯಾಗಿ ಕೇಳಿಕೋ. ಬ್ರೋಕರ್‌ಗೆ ನೀನೇ ಫೋನ್ ಮಾಡಿ ಆ ಮಾತು ಬೇಡ ಅನ್ನುತ್ತೀಯಾ, ಇಲ್ಲ ನಾನು ಹೋಗಿ ಹೇಳಲಾ? ಈ ವಾರವೇ ತಿಳಿಸು.

ನಿನ್ನ ಚಿಕ್ಕಪ್ಪ