ಮರದ ಬುಡದ ಅಣಬೆ: ಫೋಟೋ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಮೇಲೆ ತೆಂಗು, ಅಡಿಕೆ ಬುಡದ ಅಣಬೆ ಫೋಟೋಗಳು ಬರ್ತಾನೇ ಇವೆ. ದಯವಿಟ್ಟು ಅಣಬೆಯ ಅಡಿಭಾಗದ ಫೋಟೋವನ್ನೂ ಹಾಕಿ.

ಕೊಡೆಯಂತೆ ಮೆತ್ತಗಿದ್ದು, ಎರಡು ದಿನಕ್ಕೆ ಕರಗುವಂಥದ್ದು ಹೆಚ್ಚಾಗಿ ಗೊಬ್ಬರ, ತರಗೆಲೆಯ ಮೇಲಿನದು. ಬಿಟ್ಟುಬಿಡಿ. ಕಾಂಡಕ್ಕೇ ಅಂಟಿಕೊಂಡು, ಕಟ್ಟಿಗೆಯಷ್ಟು ಗಟ್ಟಿಯಾಗಿ, ಮೇಲೆ ವಾರ್ನಿಷ್ ಬಳಿದಂತೆ ಕೆಂಗಂದು ಹೊಳಪು, ಅಡಿಯಲ್ಲಿ ಬಿಳಿ, ಸೂಜಿಮೊನೆಯಷ್ಟು ರಂಧ್ರಗಳಿದ್ದರೆ ಗ್ಯಾನೊಡರ್ಮಾ ಎಂಬ ಶಿಲೀಂಧ್ರ ಇರಬಹುದು, ಅದರಿಂದ ಬರುವುದೇ ನಾವು ಹೇಳುವ ಅಣಬೆ ರೋಗ. ತೆಂಗಿನಲ್ಲಿ ಬುಡದ ಬಿರುಕಿನಿಂದ ಕಂದು ರಸ ಸೋರುವುದನ್ನೂ ನೋಡಿ. ಅಣಬೆ ಮೂಡುವಷ್ಟರಲ್ಲಿ ಬೇರು ಕೊಳೆತಿರುತ್ತದೆ, ಕಿತ್ತರೆ ಸಾಲದು. ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಂದಕ ತೆಗೆಯಿರಿ, ಆ ಬುಡದ ನೀರು ಪಕ್ಕದ ಮರಕ್ಕೆ ಹರಿಯದಿರಲಿ.

ಫೋಟೋ ನಂಬಿ ಯಾವ ಅಣಬೆಯನ್ನೂ ತಿನ್ನಬೇಡಿ.